ನಮ್ಮೂರ ಕಾರಿಗೆ ಎಸಿ ಬೇಕಾ? ಕೂಲಿಂಗ್ ಕಾಯಿಲ್ ಬದಲಿಸಿಕೊಂಡು ಬಂದ ಅನುಭವ

ಚಿಕ್ಕಮಗಳೂರಿನಲ್ಲಿ ಕಾರಿನ ಎಸಿ ವಿಷಯ ತೆಗೆದರೆ ಹೆಚ್ಚಿನವರು ಹೇಳುವುದು ಒಂದೇ ಮಾತು. "ಇಲ್ಲಿ ಎಸಿ ಯಾಕೆ? ಕಿಟಕಿ ಇಳಿಸಿದ್ರೆ ಆಯ್ತಲ್ವಾ?" ಊರು ಸಮುದ್ರಮಟ್ಟದಿಂದ ಸಾವಿರ ಮೀಟರಿಗಿಂತ ಎತ್ತರದಲ್ಲಿದೆ. ಬೇಸಿಗೆಯಲ್ಲೂ ಸಂಜೆಯಾದರೆ ಗಾಳಿ ತಣ್ಣಗಾಗುತ್ತದೆ. ಹಾಗಾಗಿ ಬೇಸಿಗೆಯ ಮಟ್ಟಿಗೆ ಆ ಮಾತು ಸರಿಯೇ. ಆದರೆ ಮಳೆಗಾಲಕ್ಕೆ ಅದು ಹೊಂದುವುದಿಲ್ಲ. ನಮ್ಮ ಕಡೆ ಎಸಿ ಬೇಕಾಗುವುದು ಸೆಕೆಗಲ್ಲ, ಗಾಜಿಗೆ.

ನನ್ನ ಕಾರಿನ ಎಸಿ ರಿಪೇರಿ ಈಗಷ್ಟೇ ಮುಗಿದಿದೆ. ಗ್ಯಾಸ್ ತುಂಬಿಸಿದ್ದು, ಅದು ಖಾಲಿಯಾಗಿದ್ದು, ಲೀಕ್ ಹುಡುಕಿದ್ದು, ಪಾರ್ಟ್‌ಗೆ ಕಾದಿದ್ದು, ಕೊನೆಗೆ ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಿ ಗಾಳಿಯನ್ನು ತಣ್ಣಗೆ ಮಾಡುವ ಕೂಲಿಂಗ್ ಕಾಯಿಲ್ ಬದಲಿಸಿದ್ದು, ಎಲ್ಲ ಸೇರಿ ಮಳೆಗಾಲದ ಒಳ್ಳೆಯ ಭಾಗವೇ ಇದಕ್ಕೆ ಹೋಯಿತು. ಮುಂದೆ ಇದೇ ಕೆಲಸಕ್ಕೆ ಹೋಗುವವರಿಗೆ ಗೊಂದಲ ಕಡಿಮೆಯಾಗಲಿ ಅಂತ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಕಾರು ಆಲ್ದೂರು ಕಡೆಯ ನಮ್ಮ ಚಿಕ್ಕಪ್ಪನದು. ಏಳು ವರ್ಷ ಹಳೆಯ ಸಣ್ಣ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಕಳೆದ ಚಳಿಗಾಲದಲ್ಲಿ ಅವರು ದೊಡ್ಡ ಗಾಡಿ ತೆಗೆದುಕೊಂಡಾಗ ಇದನ್ನು ನನಗೆ ಕೊಟ್ಟರು. ಕೊಡುವಾಗಲೇ ಹೇಳಿದ್ದರು. "ಎಂಜಿನ್ ಚೆನ್ನಾಗಿದೆ. ಎಸಿ ಮಾತ್ರ ತಣ್ಣಗಾಗಲ್ಲ ಮಾರಾಯ. ತೋಟದಲ್ಲಿ ಇರೋರಿಗೆ ಎಸಿ ಎಲ್ಲಿ ಬೇಕು? ನಾನು ಹಾಕಿದ್ದೇ ಕಮ್ಮಿ." ಅದಕ್ಕೆ ತಕ್ಕ ಹಾಗೆ ರೇಟ್ ಕೂಡ ಇಳಿಸಿದ್ದರು.

ಕಾಗದಪತ್ರದ ಕೆಲಸ ಸುಲಭವಾಗಿ ಆಯಿತು. ಗಾಡಿ ಕೆಎ-18, ನಾನೂ ಅದೇ ಆರ್‌ಟಿಒ ವ್ಯಾಪ್ತಿಯವನು, ಆದ್ದರಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕಾಗಲಿಲ್ಲ. ಮಾಲೀಕರ ಹೆಸರು ಬದಲಿಸುವ ಫಾರ್ಮ್ 29, ಫಾರ್ಮ್ 30, ಇಬ್ಬರ ಸಹಿ, ಅಷ್ಟೇ. ಇನ್ಶೂರೆನ್ಸ್ ಬಗ್ಗೆ ಮಾತ್ರ ಒಂದು ಮಾತು. ಗಾಡಿ ಕೈ ಬದಲಾದ 14 ದಿನದೊಳಗೆ ಪಾಲಿಸಿಯನ್ನೂ ಹೊಸ ಮಾಲೀಕರ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದೆ ಇದ್ದದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ನಮಗೆ ಬರುವುದಿಲ್ಲ. ಅದು ಗಾಡಿಯದಲ್ಲ, ಅವರದು. ಆ ರಿಯಾಯಿತಿ ಹೋಗುವುದರಿಂದ ಸ್ವಲ್ಪ ದುಡ್ಡು ಕಟ್ಟಿಸಿಕೊಳ್ಳುತ್ತಾರೆ. ಸಂಬಂಧಿಕರ ಹತ್ತಿರ ಕೊಂಡ ಗಾಡಿಯಲ್ಲಿ ಈ ಕೆಲಸ ಹಾಗೇ ಉಳಿದುಬಿಡುವುದು ಜಾಸ್ತಿ. ಮೊದಲು ಇದನ್ನು ಮುಗಿಸಿಕೊಳ್ಳಿ.

ಬೇಸಿಗೆ ಪೂರ್ತಿ ಎಸಿ ಇಲ್ಲದೆ ಆರಾಮವಾಗಿ ಕಳೆಯಿತು. ಊರೊಳಗೆ ಓಡಾಡಲು, ಮೂಡಿಗೆರೆ, ಕಳಸದ ಕಡೆ ಹೋಗಿಬರಲು ಅದರ ಕೊರತೆ ಗೊತ್ತಾಗಲೇ ಇಲ್ಲ. ಕಿಟಕಿ ಇಳಿಸಿದರೆ ಏಪ್ರಿಲ್‌ನಲ್ಲಿ ಕಾಫಿ ಹೂವಿನ ಪರಿಮಳ ಒಳಗೆ ಬರುತ್ತದೆ. ಅದನ್ನು ಬಿಟ್ಟು ಎಸಿ ಹಾಕಿಕೊಂಡು ಹೋಗಬೇಕು ಅಂತ ನನಗೆ ಯಾವತ್ತೂ ಅನಿಸಿಲ್ಲ. ಕಡೂರು, ಬೀರೂರಿನ ಕಡೆ ಇಳಿದಾಗ ಮಾತ್ರ ಬಿಸಿಲಿನ ಜಳ ತಾಗುತ್ತಿತ್ತು. ಅದೂ ತಡೆಯಲಾಗದಷ್ಟಲ್ಲ.

ಜೂನ್ ಬಂತು. ಅಮ್ಮನಿಗೆ ಉಬ್ಬಸ ಇದೆ. ಮಂಗಳೂರಿನಲ್ಲಿ ಒಬ್ಬ ಡಾಕ್ಟರಿಗೆ ತೋರಿಸುತ್ತಿದ್ದೇವೆ. ಮೂಡಿಗೆರೆ, ಬಣಕಲ್, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿದು ಉಜಿರೆ, ಬೆಳ್ತಂಗಡಿ ಮೇಲೆ ಹೋಗುವುದು ನಮ್ಮ ದಾರಿ. ಮಳೆಗಾಲದಲ್ಲಿ ಕೊಟ್ಟಿಗೆಹಾರ ದಾಟಿದರೆ ಮಂಜು ಎಷ್ಟು ದಟ್ಟ ಅಂತ ಆ ರಸ್ತೆಯಲ್ಲಿ ಹೋದವರಿಗೆ ಹೇಳಬೇಕಾಗಿಲ್ಲ. ಹೊರಗಿನ ಮಂಜಿಗೆ ಫಾಗ್ ಲೈಟ್ ಇದೆ, ನಿಧಾನ ಇದೆ. ತೊಂದರೆ ಆಗಿದ್ದು ಗಾಜಿನ ಒಳಗಿನ ಮಂಜಿನಿಂದ.

ಕಿಟಕಿ ಮುಚ್ಚಿದ ಕೂಡಲೇ ಮುಂದಿನ ಗಾಜು ಬೆಳ್ಳಗಾಗುತ್ತಿತ್ತು. ಬಟ್ಟೆಯಿಂದ ಒರೆಸಿದರೆ ಒಂದು ತಿರುವು ಕಾಣುತ್ತಿತ್ತು, ಮುಂದಿನ ತಿರುವಿಗೆ ಮತ್ತೆ ಮಬ್ಬು. ಎದುರಿಂದ ಬಸ್ಸಿನ ಲೈಟ್ ಬಿದ್ದರೆ ಒರೆಸಿದ ಗೀಟುಗಳೆಲ್ಲ ಹೊಳೆದು ರಸ್ತೆಯ ಅಂಚೇ ಕಾಣುತ್ತಿರಲಿಲ್ಲ. ಕಿಟಕಿ ಇಳಿಸಿದರೆ ಗಾಜು ತಿಳಿಯಾಗುತ್ತದೆ, ಆದರೆ ಮಳೆ ಒಳಗೆ ಬರುತ್ತದೆ, ಆ ತಣ್ಣನೆ ಗಾಳಿಗೆ ಅಮ್ಮನಿಗೆ ಕೆಮ್ಮು ಶುರುವಾಗುತ್ತದೆ. ಹೀಟರ್ ಹಾಕಿದೆ. ಬಿಸಿ ಗಾಳಿಯನ್ನು ಗಾಜಿಗೆ ಬಿಟ್ಟರೆ, ಹೊರಗಿನ ಗಾಳಿ ಒಳಗೆ ಬರುವ ಹಾಗೆ ಇಟ್ಟರೆ, ಗಾಜು ನಿಧಾನಕ್ಕೆ ತಿಳಿಯಾಗುತ್ತದೆ ನಿಜ. ಆದರೆ ಒಳಗೆ ಕೂತವರು ಬೆಂದು ಹೋಗುತ್ತಾರೆ. ಅಮ್ಮ "ಉಸಿರು ಕಟ್ಟಿದ ಹಾಗೆ ಆಗ್ತಿದೆ ಕಣೋ, ಅದನ್ನ ಆರಿಸು" ಅಂದರು. ಘಟ್ಟದಲ್ಲಿ ಸುರಕ್ಷಿತ ಜಾಗ ನೋಡಿ ನಿಲ್ಲಿಸಿಕೊಂಡು, ಒರೆಸಿಕೊಂಡು, ಹೇಗೋ ಕೆಳಗೆ ಇಳಿದೆವು. ಸ್ಟೇರಿಂಗ್ ಹಿಡಿದ ನನ್ನ ಕೈ ಉಜಿರೆ ಬರುವವರೆಗೂ ಬಿಗಿಯಾಗಿಯೇ ಇತ್ತು. ಅಲ್ಲೇ ತೀರ್ಮಾನ ಮಾಡಿದೆ, ಎಸಿ ರಿಪೇರಿ ಆಗದೆ ಅಮ್ಮನನ್ನು ಕೂರಿಸಿಕೊಂಡು ಈ ಘಟ್ಟ ಇಳಿಯುವುದಿಲ್ಲ ಅಂತ.

ಗಾಜಿನ ಒಳಗೆ ಯಾಕೆ ಮಂಜು ಕೂರುತ್ತದೆ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಎಸಿ ಬೇಕೋ ಬೇಡವೋ ಅನ್ನುವುದು ಇದರ ಮೇಲೇ ನಿಂತಿದೆ. ಒಳಗೆ ಕೂತವರ ಉಸಿರಿನಲ್ಲಿ ನೀರಿನ ಅಂಶ ಇರುತ್ತದೆ. ಒದ್ದೆ ಕೊಡೆ, ಒದ್ದೆ ಬಟ್ಟೆ, ಕಾಲಡಿಯ ಮ್ಯಾಟ್ ಎಲ್ಲದರಿಂದಲೂ ನೀರು ಆವಿಯಾಗುತ್ತದೆ. ಹೊರಗಿನ ಮಳೆಗೆ ಗಾಜು ತಣ್ಣಗಾಗಿರುತ್ತದೆ. ಫ್ರಿಜ್‌ನಿಂದ ತೆಗೆದಿಟ್ಟ ಬಾಟಲಿಯ ಮೈ ಒದ್ದೆಯಾಗುವ ಹಾಗೆ ಆ ತಣ್ಣನೆಯ ಗಾಜಿನ ಮೇಲೆ ನೀರು ಕೂರುತ್ತದೆ. ಎಸಿ ಹಾಕಿದಾಗ ಗಾಳಿ ಮೊದಲು ಕೂಲಿಂಗ್ ಕಾಯಿಲ್ ಮೂಲಕ ಹಾಯುತ್ತದೆ. ಗಾಳಿಯಲ್ಲಿದ್ದ ನೀರು ಆ ಕಾಯಿಲ್ ಮೇಲೆಯೇ ಕೂತು, ಪೈಪಿನಲ್ಲಿ ಇಳಿದು, ಕಾರಿನ ಕೆಳಗೆ ತೊಟ್ಟಿಕ್ಕುತ್ತದೆ. ಗಾಜಿಗೆ ತಾಗುವುದು ಒಣ ಗಾಳಿ. ಅದು ಗಾಜಿನ ಮೇಲಿನ ತೇವವನ್ನು ಬೇಗ ಹೀರಿಕೊಳ್ಳುತ್ತದೆ. ಚಳಿಯಾಗುತ್ತದೆ ಅಂತ ಹೆದರಬೇಕಾಗಿಲ್ಲ. ಎಸಿ ಬಟನ್ ಒತ್ತಿ, ಟೆಂಪರೇಚರ್ ನಾಬ್ ಅನ್ನು ಕೆಂಪಿನ ಕಡೆಗೂ ಸ್ವಲ್ಪ ತಿರುಗಿಸಿದರೆ, ಕಾಯಿಲ್‌ನಲ್ಲಿ ಒಣಗಿದ ಗಾಳಿ ಹೀಟರ್ ಮೂಲಕ ಬೆಚ್ಚಗಾಗಿ ಬರುತ್ತದೆ. ಎಸಿ ಮತ್ತು ಹೀಟರ್ ಎರಡೂ ಒಟ್ಟಿಗೆ ಹಾಕಬಹುದು ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಕೆಲವು ಕಾರುಗಳಲ್ಲಿ ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿದ ಕೂಡಲೇ ಎಸಿ ತಾನಾಗಿಯೇ ಆನ್ ಆಗುವ ಹಾಗೆ ಮಾಡಿರುವುದೂ ಇದೇ ಕಾರಣಕ್ಕೆ.

ಮೊದಲು ಹೋಗಿದ್ದು ಊರಿನಲ್ಲೇ ಇರುವ ಒಂದು ಗ್ಯಾರೇಜಿಗೆ. ಬಾನೆಟ್ ಎತ್ತಿ ನೋಡಿ, "ಗ್ಯಾಸ್ ಖಾಲಿ ಆಗಿದೆ ಸಾರ್, ತುಂಬಿಸಿದ್ರೆ ಸರಿಹೋಗುತ್ತೆ" ಅಂದರು. ಲೀಕ್ ಇದೆಯಾ ಅಂತ ಕೇಳಿದೆ. "ಏಳು ವರ್ಷ ಆಗಿದೆಯಲ್ಲ, ಹಾಗೇ ಕಮ್ಮಿ ಆಗಿರುತ್ತೆ" ಅಂದರು. 1,800 ರೂಪಾಯಿ ಕೊಟ್ಟು ತುಂಬಿಸಿದೆ. ಆವತ್ತು ಸಂಜೆ ಎಸಿ ಚೆನ್ನಾಗಿ ತಣ್ಣಗಿತ್ತು. ಮುಂದಿನ ವಾರದ ಹೊತ್ತಿಗೆ ಮತ್ತೆ ಬರೀ ಗಾಳಿ. ವಾಪಸ್ ಹೋಗಿ ಕೇಳಿದರೆ ಇನ್ನೊಮ್ಮೆ ತುಂಬಿಸೋಣ ಅಂದರು. ಬೇಡ ಅಂದೆ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಎಸಿ ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತು ಅಲ್ಲ. ಮುಚ್ಚಿದ ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ. ವರ್ಷಗಟ್ಟಲೆಯಲ್ಲಿ ರಬ್ಬರ್ ಪೈಪು, ಸೀಲ್‌ಗಳ ಮೂಲಕ ಸ್ವಲ್ಪ ಕಮ್ಮಿಯಾಗಬಹುದು. ಪೂರ್ತಿ ಖಾಲಿಯಾಗಿದೆ ಅಂದರೆ ಎಲ್ಲೋ ತೂತು ಇದೆ ಅಂತಲೇ ಅರ್ಥ. ತೂತು ಮುಚ್ಚದೆ ತುಂಬಿಸಿದರೆ ದುಡ್ಡು ಮಾತ್ರ ಹೋಗುವುದಲ್ಲ. ಹೆಚ್ಚಿನ ಕಾರುಗಳಲ್ಲಿರುವ ಆರ್-134ಎ ಗ್ಯಾಸ್, ನೂರು ವರ್ಷದ ಲೆಕ್ಕದಲ್ಲಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 1,430 ಪಟ್ಟು ಜಾಸ್ತಿ ಭೂಮಿಯನ್ನು ಬಿಸಿ ಮಾಡುತ್ತದೆ. ಸಣ್ಣ ಕಾರಿನ 400 ಗ್ರಾಂ ಗ್ಯಾಸ್ ಗಾಳಿಗೆ ಹೋದರೆ ಅದು 570 ಕೆಜಿಯಷ್ಟು ಇಂಗಾಲದ ಡೈಆಕ್ಸೈಡ್ ಬಿಟ್ಟದ್ದಕ್ಕೆ ಸಮ. ಇಂಥ ಗ್ಯಾಸ್‌ಗಳನ್ನು ಕಡಿಮೆ ಮಾಡುವ ಕಿಗಾಲಿ ಒಪ್ಪಂದವನ್ನು ನಮ್ಮ ದೇಶ 2021ರಲ್ಲಿ ಅಂಗೀಕರಿಸಿದೆ. ಮಳೆ ಹಿಂದೆ ಮುಂದೆ ಆಗಿ ಕಾಫಿ ಹೂವು ಕೆಡುವುದನ್ನು ಕಣ್ಣಾರೆ ನೋಡುವ ನಾವು ಈ ಗ್ಯಾಸನ್ನು ಸುಮ್ನೆ ಗಾಳಿಗೆ ಬಿಡಬಾರದು.

ಆಮೇಲೆ ಕಂಪನಿಯ ಸರ್ವಿಸ್ ಸೆಂಟರಿಗೆ ಹೋದೆ. ಅಪಾಯಿಂಟ್‌ಮೆಂಟ್ ಸಿಗಲು ಕಾಯಬೇಕಾಯಿತು, ಮಳೆಗಾಲದಲ್ಲಿ ಬ್ರೇಕು, ವೈಪರ್ ಅಂತ ಗಾಡಿಗಳು ಜಾಸ್ತಿ. ಬೆಳಿಗ್ಗೆ ಬಿಟ್ಟ ಗಾಡಿಯ ಬಗ್ಗೆ ಸಂಜೆ ಫೋನ್ ಬಂತು. ಲೀಕ್ ಡ್ಯಾಶ್‌ಬೋರ್ಡಿನ ಒಳಗೆ ಇರಬಹುದು, ಅಲ್ಲಿರುವ ಇಡೀ ಕೂಲಿಂಗ್ ಯೂನಿಟ್ ಬದಲಿಸಬೇಕು, 26,000 ರೂಪಾಯಿ ಆಗುತ್ತದೆ ಅಂದರು. "ಇರಬಹುದು" ಅನ್ನುವ ಮಾತಿಗೆ ಅಷ್ಟು ದುಡ್ಡು ಕೊಡಲು ನನಗೆ ಮನಸ್ಸು ಬರಲಿಲ್ಲ. ಲೀಕ್ ಎಲ್ಲಿ ಅಂತ ತೋರಿಸಿ ಅಂದೆ. ಅದಕ್ಕೆ ಡ್ಯಾಶ್‌ಬೋರ್ಡ್ ಇಳಿಸಬೇಕು, ಇಳಿಸಿದರೆ ಮಜೂರಿ ಕೊಡಲೇಬೇಕು ಅಂದರು. ಎಸ್ಟಿಮೇಟ್ ಪ್ರಿಂಟ್ ಮಾಡಿಸಿಕೊಂಡು ಬಂದೆ. ಇದು ಆಮೇಲೆ ಉಪಯೋಗಕ್ಕೆ ಬಂತು, ಅದರಲ್ಲಿ ಪಾರ್ಟ್ ನಂಬರ್‌ಗಳಿದ್ದವು. ನೀವು ರಿಪೇರಿ ಮಾಡಿಸದೆ ಬಂದರೂ ಎಸ್ಟಿಮೇಟಿನ ಕಾಪಿ ಕೇಳಿ ತೆಗೆದುಕೊಳ್ಳಿ.

ಈ ನಡುವೆ ಪರಿಚಯದವರೊಬ್ಬರು ಇನ್ಶೂರೆನ್ಸ್ ಉಪಾಯ ಹೇಳಿದರು. ಕಾರಿನ ಮುಂಭಾಗದಲ್ಲಿರುವ ಕಂಡೆನ್ಸರಿಗೆ (ಎಸಿ ಗ್ಯಾಸಿನ ಬಿಸಿಯನ್ನು ಹೊರಗೆ ಬಿಡುವ ಭಾಗ) ಕಲ್ಲು ಬಡಿದ ಒಂದು ಗುರುತು ಇತ್ತು. "ಕಲ್ಲು ಬಡಿದು ಲೀಕ್ ಆಯ್ತು ಅಂತ ಕ್ಲೇಮ್ ಹಾಕು" ಅಂದರು. ಲೀಕ್ ಅಲ್ಲಿರಲಿಲ್ಲ. ಸುಳ್ಳು ಹೇಳಿ ದುಡ್ಡು ತೆಗೆದುಕೊಳ್ಳುವುದು ನನ್ನಿಂದ ಆಗದು. ಹಳೆಯದಾಗಿ ಸವೆದು ಹೋದ ಪಾರ್ಟಿಗೆ ಇನ್ಶೂರೆನ್ಸ್ ಬರುವುದೂ ಇಲ್ಲ. ನಿಜವಾಗಿ ಕಲ್ಲು ಬಡಿದು ಕಂಡೆನ್ಸರ್ ತೂತಾದವರಿಗೆ ಲೆಕ್ಕ ಬೇರೆ. ಆದರೂ ಮೊದಲು ಪೆನ್ನು ಹಿಡಿದು ಕೂರಿ. ಜೀರೋ ಡೆಪ್ (ಸವಕಳಿ ಕಳೆಯದೆ ದುಡ್ಡು ಕೊಡುವ ಸೌಲಭ್ಯ) ಇಲ್ಲದ ಪಾಲಿಸಿಯಲ್ಲಿ 5 ವರ್ಷ ದಾಟಿ 10 ವರ್ಷದೊಳಗಿನ ಗಾಡಿಯ ಲೋಹದ ಭಾಗಕ್ಕೆ 40% ಸವಕಳಿ ಕಳೆಯುತ್ತಾರೆ. 6,000 ರೂಪಾಯಿಯ ಕಂಡೆನ್ಸರಿಗೆ 2,400 ಅಲ್ಲೇ ಹೋಯಿತು. 1500 ಸಿಸಿ ಒಳಗಿನ ಕಾರಿಗೆ ಕಡ್ಡಾಯವಾಗಿ ನಾವೇ ಹಾಕಿಕೊಳ್ಳಬೇಕಾದ 1,000 ರೂಪಾಯಿ ಬೇರೆ. ಕೈಗೆ ಬರುವುದು 2,600. ಅದಕ್ಕಾಗಿ ನೋ ಕ್ಲೇಮ್ ಬೋನಸ್ ಕಳೆದುಕೊಳ್ಳುತ್ತೀರಿ. ಐದು ವರ್ಷ ಕ್ಲೇಮ್ ಇಲ್ಲದೆ 50% ರಿಯಾಯಿತಿಗೆ ಬಂದವರಿಗೆ ಇದು ಖಂಡಿತ ನಷ್ಟ.

ಕೊನೆಗೆ ದಾರಿ ಸಿಕ್ಕಿದ್ದು ಹಾಸನದಲ್ಲಿ. ಬರೀ ಕಾರ್ ಎಸಿ ಕೆಲಸ ಮಾಡುವ ಒಂದು ಸಣ್ಣ ಅಂಗಡಿಯ ಬಗ್ಗೆ ಟ್ಯಾಕ್ಸಿ ಓಡಿಸುವ ಗೆಳೆಯ ಹೇಳಿದ. ಬೇಲೂರು ಮೇಲೆ ಅರವತ್ತು ಚಿಲ್ಲರೆ ಕಿಲೋಮೀಟರ್. ಈ ಸಲಹೆಯನ್ನು ನಾನೂ ಕೊಡುತ್ತೇನೆ, ಎಸಿ ವಿಷಯದಲ್ಲಿ ಟ್ಯಾಕ್ಸಿ ಡ್ರೈವರ್‌ಗಳನ್ನು ಕೇಳಿ. ಮಂಗಳೂರು, ಬೆಂಗಳೂರು ಅಂತ ದಿನಾ ಓಡುವವರಿಗೆ ಯಾರು ಸರಿಯಾಗಿ ಕೆಲಸ ಮಾಡುತ್ತಾರೆ ಅನ್ನುವುದು ಚೆನ್ನಾಗಿ ಗೊತ್ತಿರುತ್ತದೆ.

ಆ ಅಂಗಡಿಯವರು ಮೊದಲು ಗ್ಯಾಸಿನ ಮಾತೇ ಎತ್ತಲಿಲ್ಲ. "ಎಲ್ಲಿ ಹೋಗ್ತಿದೆ ಅಂತ ನೋಡೋಣ ಸಾರ್" ಅಂದರು. ಎಸಿ ಪೈಪಿನೊಳಗೆ ನೈಟ್ರೋಜನ್ ತುಂಬಿಸಿ, ಒತ್ತಡ ತೋರಿಸುವ ಮೀಟರ್ ಹಾಕಿ ಬಿಟ್ಟರು. ನಾನು ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿದು ಬರುವಷ್ಟರಲ್ಲಿ ಮುಳ್ಳು ಇಳಿದಿತ್ತು, ಅಂದರೆ ಎಲ್ಲೋ ಸೋರುತ್ತಿದೆ. ಪೈಪಿನ ಜಾಯಿಂಟ್‌ಗಳಿಗೆಲ್ಲ ಸೋಪಿನ ನೊರೆ ಹಚ್ಚಿ ನೋಡಿದರು, ಎಲ್ಲೂ ಗುಳ್ಳೆ ಏಳಲಿಲ್ಲ. ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರಿನ ಸೀಲ್ ಸುತ್ತ ಎಣ್ಣೆಯ ಜಿಡ್ಡು ಇರಲಿಲ್ಲ, ಅಂದರೆ ಅಲ್ಲೂ ಲೀಕ್ ಇಲ್ಲ. ಕಂಡೆನ್ಸರಿನಲ್ಲಿ ಆ ಕಲ್ಲಿನ ಗುರುತು ಇದ್ದ ಜಾಗವೂ ಗಟ್ಟಿಯಾಗಿತ್ತು. ಆಮೇಲೆ ಬಣ್ಣ ಸೇರಿಸಿದ ಸ್ವಲ್ಪ ಗ್ಯಾಸ್ ಹಾಕಿ ಎಸಿ ಓಡಿಸಿ, ನೀರು ಇಳಿಯುವ ಪೈಪಿನ ಬಾಯಿಗೆ ನೀಲಿ ಟಾರ್ಚ್ ಹಿಡಿದರು. ಹಳದಿ ಹಸಿರು ಬಣ್ಣ ಹೊಳೆಯಿತು. ಲೀಕ್ ಕೂಲಿಂಗ್ ಕಾಯಿಲ್‌ನಲ್ಲೇ. ಸರ್ವಿಸ್ ಸೆಂಟರಿನವರ ಊಹೆ ಸರಿಯಾಗಿಯೇ ಇತ್ತು, ಆದರೆ ಇಲ್ಲಿ ಅದನ್ನು ಕಣ್ಣಿಗೆ ತೋರಿಸಿದರು. ಲೀಕ್ ನೋಡಿದ್ದಕ್ಕೆ 500 ರೂಪಾಯಿ. ಕೆಲಸ ಅಲ್ಲೇ ಮಾಡಿಸಿದರೆ ಅದನ್ನು ಬಿಲ್ಲಿನಲ್ಲಿ ಕಳೆಯುತ್ತೇವೆ ಅಂದರು.

ಇಡೀ ಯೂನಿಟ್ ಬೇಡ, ಕಾಯಿಲ್ ಮಾತ್ರ ಸಾಕು ಅನ್ನುವುದೂ ಗೊತ್ತಾಯಿತು. ಅದರ ಜೊತೆಗೆ ಕಾಯಿಲ್‌ಗೆ ಹೋಗುವ ಗ್ಯಾಸನ್ನು ಹತೋಟಿಯಲ್ಲಿಡುವ ಎಕ್ಸ್‌ಪ್ಯಾನ್ಶನ್ ವಾಲ್ವ್, ಡ್ರೈಯರ್ ಬದಲಿಸಬೇಕು. ವಾಲ್ವ್ ಡ್ಯಾಶ್‌ಬೋರ್ಡ್ ಕಡೆ ಇರುವುದರಿಂದ, ಮತ್ತೆ ಅದಕ್ಕೇ ಎಲ್ಲ ಬಿಚ್ಚುವ ಬದಲು ಈಗಲೇ ಹಾಕುವುದು ಒಳ್ಳೆಯದು. ಡ್ರೈಯರ್ ಕೆಲಸ ಪೈಪಿನೊಳಗಿನ ತೇವ ಹೀರುವುದು. ಲೀಕ್ ಆಗಿ ಗಾಳಿ ಹೊಕ್ಕ ಮೇಲೆ ಹಳೆಯದು ಕೆಲಸಕ್ಕೆ ಬಾರದು.

ಕಾಯಿಲ್ ಬೆಂಗಳೂರಿನಿಂದ ಬರಬೇಕಿತ್ತು. ಅಡ್ವಾನ್ಸ್ ಕೊಟ್ಟು ಗಾಡಿ ತೆಗೆದುಕೊಂಡು ವಾಪಸ್ ಬಂದೆ. ಕಾಯುವುದು ಇಲ್ಲಿ ಶುರುವಾಯಿತು. ಅಮ್ಮನ ಡಾಕ್ಟರ್ ಭೇಟಿ ಮುಂದೆ ಹಾಕಿದೆವು. ಫೋನಿನಲ್ಲಿ ಔಷಧಿ ಕೇಳಿಕೊಂಡೆವು. ಒಂದು ರಾತ್ರಿ ಅಮ್ಮನಿಗೆ ಉಬ್ಬಸ ಜಾಸ್ತಿಯಾದಾಗ, ಈಗ ಮಂಗಳೂರಿಗೆ ಹೊರಡಬೇಕಾಗಿ ಬಂದರೆ ಈ ಗಾಜಿನಲ್ಲಿ ಹೇಗೆ ಅಂತ ನನಗೆ ನಿದ್ದೆ ಬರಲಿಲ್ಲ. ಇಲ್ಲಿನ ಆಸ್ಪತ್ರೆಯಲ್ಲೇ ನೆಬ್ಯುಲೈಸರ್ ಕೊಟ್ಟು ಸರಿಹೋಯಿತು.

ಪಾರ್ಸೆಲ್ ಬಂತು ಅಂತ ಫೋನ್ ಬಂದು ಹಾಸನಕ್ಕೆ ಓಡಿದರೆ, ಬಂದದ್ದು ಬೇರೆ ಕಾಯಿಲ್. ಹೆಸರು ಅದೇ, ಮಾಡೆಲ್ ಅದೇ. ಆದರೆ ಮಧ್ಯದಲ್ಲಿ ಕಂಪನಿ ಡಿಸೈನ್ ಬದಲಿಸಿತ್ತು, ಪೈಪ್ ಕೂರುವ ಜಾಗ ಬೇರೆ. ವಾಪಸ್ ಕಳಿಸಿ ಮತ್ತೆ ತರಿಸಬೇಕಾಯಿತು. ಈ ಸಲ ಆರ್‌ಸಿಯಲ್ಲಿರುವ 17 ಅಕ್ಷರ ಮತ್ತು ಅಂಕಿಗಳ ಚಾಸಿಸ್ ನಂಬರ್ ಮತ್ತು ಸರ್ವಿಸ್ ಸೆಂಟರಿನ ಎಸ್ಟಿಮೇಟಿನಲ್ಲಿದ್ದ ಪಾರ್ಟ್ ನಂಬರ್ ಎರಡನ್ನೂ ಕಳಿಸಿದೆವು. ಸರಿಯಾದದ್ದೇ ಬಂತು. ಪಾರ್ಟ್ ಆರ್ಡರ್ ಮಾಡುವಾಗ ಬರೀ ಮಾಡೆಲ್ ಹೆಸರು, ವರ್ಷ ಹೇಳಿ ಸುಮ್ಮನಾಗಬೇಡಿ. ಚಾಸಿಸ್ ನಂಬರ್ ಕೊಡಿ. ಆರ್‌ಸಿ ಕೈಯಲ್ಲಿ ಇಲ್ಲದಿದ್ದರೆ ಸರ್ಕಾರದ ಡಿಜಿಲಾಕರ್ ಆ್ಯಪ್‌ನಲ್ಲಿ ಸಿಗುತ್ತದೆ.

ಕೆಲಸದ ದಿನ ನಾನು ಅಲ್ಲೇ ಕೂತೆ. ಡ್ಯಾಶ್‌ಬೋರ್ಡ್ ಇಳಿಸುವುದು ಅಂದರೆ ನಿಜಕ್ಕೂ ಎದೆ ಹೊಡೆದುಕೊಳ್ಳುತ್ತದೆ. ಮೊದಲು ಬ್ಯಾಟರಿ ಟರ್ಮಿನಲ್ ಬಿಚ್ಚಿ ಸ್ವಲ್ಪ ಹೊತ್ತು ಹಾಗೇ ಬಿಟ್ಟರು, ಏರ್‌ಬ್ಯಾಗ್ ಇರುವುದರಿಂದ. ಸ್ಟೇರಿಂಗ್, ಮೀಟರ್, ಸ್ಟೀರಿಯೋ, ಗ್ಲೋವ್ ಬಾಕ್ಸ್ ಎಲ್ಲ ಒಂದೊಂದಾಗಿ ಹೊರಗೆ ಬಂದವು. ಹುಡುಗ ಒಂದೊಂದು ಕಡೆಯ ಸ್ಕ್ರೂಗಳನ್ನು ಬೇರೆ ಬೇರೆ ಡಬ್ಬಿಯಲ್ಲಿ ಹಾಕಿ, ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದ. ಅದನ್ನು ನೋಡಿ ಧೈರ್ಯ ಬಂತು. ಮಧ್ಯಾಹ್ನದ ಹೊತ್ತಿಗೆ ಮುಂದಿನ ಸೀಟುಗಳ ಎದುರು ಬರೀ ವೈರ್‌ಗಳು, ಒಂದು ಕಬ್ಬಿಣದ ಅಡ್ಡಪಟ್ಟಿ.

ಹಳೆಯ ಕಾಯಿಲ್ ಹೊರಗೆ ಬಂದಾಗ ಕಾರಣ ಗೊತ್ತಾಯಿತು. ಸಿಲ್ವರ್ ಓಕ್ ಎಲೆಯ ಪುಡಿ, ಮಣ್ಣು, ಧೂಳು ಸೇರಿ ಅದರ ಮೇಲೆ ಒದ್ದೆ ಪದರ ಕಟ್ಟಿತ್ತು. ಅದರ ಅಡಿಯಲ್ಲಿ ಅಲ್ಯೂಮಿನಿಯಂ ಅಲ್ಲಲ್ಲಿ ಬೆಳ್ಳಗೆ ಪುಡಿಯಾಗಿತ್ತು. ಒಳಗೆ ಬರುವ ಗಾಳಿಯ ಧೂಳು ತಡೆಯುವ ಕ್ಯಾಬಿನ್ ಫಿಲ್ಟರ್ ಕೂರುವ ಜಾಗ ಖಾಲಿ ಇತ್ತು. ನೀರು ಇಳಿಯುವ ಪೈಪಿನಲ್ಲಿ ಅರ್ಧ ಮಣ್ಣು. ಎಲೆ ಒಳಗೆ ಹೋಗಿದೆ, ನೀರು ಹೊರಗೆ ಹೋಗಿಲ್ಲ, ವರ್ಷಗಟ್ಟಲೆ ತೇವದಲ್ಲೇ ಕೂತಿದೆ. ತೋಟದ ಮನೆಗಳಲ್ಲಿ ಮರದ ಕೆಳಗೆ ಕಾರು ನಿಲ್ಲಿಸುವವರು ಇದನ್ನು ದಯವಿಟ್ಟು ಗಮನಿಸಿ. ಬಾನೆಟ್ ಎತ್ತಿ, ವೈಪರ್ ಕೆಳಗಿನ ಜಾಲರಿಯಲ್ಲಿ ಸೇರಿದ ಎಲೆಗಳನ್ನು ತೆಗೆಯುತ್ತಿರಿ. ಗಾಳಿ ಒಳಗೆ ಹೋಗುವುದು ಅಲ್ಲಿಂದಲೇ. ಕ್ಯಾಬಿನ್ ಫಿಲ್ಟರ್ 350 ರೂಪಾಯಿಗೆ ಸಿಗುತ್ತದೆ.

ಮೆಕ್ಯಾನಿಕ್ ಇನ್ನೊಂದು ವಿಷಯ ಹೇಳಿದರು. "ನಿಮ್ಮ ಮಲೆನಾಡಿನ ಗಾಡಿಗಳಲ್ಲಿ ಎಸಿ ಓಡಿಸಿ ಹಾಳಾಗಿದ್ದಕ್ಕಿಂತ ಓಡಿಸದೆ ಹಾಳಾಗಿದ್ದೇ ಜಾಸ್ತಿ ನೋಡಿದೀನಿ ಸಾರ್." ಕಂಪ್ರೆಸರಿನ ಎಣ್ಣೆ ಗ್ಯಾಸಿನ ಜೊತೆಗೇ ಸುತ್ತುತ್ತದೆ. ತಿಂಗಳುಗಟ್ಟಲೆ ಎಸಿ ಹಾಕದಿದ್ದರೆ ಸೀಲ್‌ಗೆ ಎಣ್ಣೆ ತಾಗುವುದಿಲ್ಲ, ರಬ್ಬರ್ ಒಣಗಿ ಗ್ಯಾಸ್ ಸೋರುತ್ತದೆ. ಬೇಕಿರಲಿ ಬೇಡದಿರಲಿ, ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಓಡಿಸಿ ಅಂದರು. ನಮ್ಮ ಊರಿನಂಥ ತಂಪು ಜಾಗದವರಿಗೆ ಇದಕ್ಕಿಂತ ಉಪಯೋಗದ ಮಾತು ಇಲ್ಲ ಅಂತ ನನ್ನ ಅಭಿಪ್ರಾಯ. ನನ್ನ ಗಾಡಿಯ ಕಂಪ್ರೆಸರ್ ಉಳಿದುಕೊಂಡದ್ದು ಪುಣ್ಯ. ಅದು ಹೋಗಿದ್ದರೆ ಖರ್ಚು ಇನ್ನೊಂದಷ್ಟಾಗುತ್ತಿತ್ತು.

ಹೊಸ ಕಾಯಿಲ್ ಕೂರಿಸಿ, ಜಾಯಿಂಟ್‌ಗಳ ರಬ್ಬರ್ ರಿಂಗ್ ಎಲ್ಲ ಬದಲಿಸಿ, ಮತ್ತೆ ನೈಟ್ರೋಜನ್ ಹಾಕಿ ಮುಳ್ಳು ನಿಲ್ಲುತ್ತದೆಯಾ ನೋಡಿದರು. ಡ್ಯಾಶ್‌ಬೋರ್ಡ್ ವಾಪಸ್ ಹಾಕುವ ಮೊದಲೇ ಈ ಪರೀಕ್ಷೆ ಆಗಬೇಕು, ಇದನ್ನು ಕೇಳಿ ಮಾಡಿಸಿ. ಆಮೇಲೆ ವ್ಯಾಕ್ಯೂಮ್ ಪಂಪ್ ಹಾಕಿ ಮುಕ್ಕಾಲು ಗಂಟೆ ಬಿಟ್ಟರು. ಒಳಗಿನ ಗಾಳಿ, ತೇವ ಎರಡೂ ಹೋಗಬೇಕಾದರೆ ಅಷ್ಟು ಹೊತ್ತು ಬೇಕು. ಮಳೆಗಾಲದಲ್ಲಿ ಗಾಳಿಯಲ್ಲೇ ನೀರು ತುಂಬಿರುವಾಗ ಅವಸರ ಮಾಡಬಾರದು. ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ಹಾಕಿದರು. ಎಷ್ಟು ಗ್ರಾಂ ಅನ್ನುವುದು ಬಾನೆಟ್ ಒಳಗಿನ ಸ್ಟಿಕ್ಕರಿನಲ್ಲಿ ಬರೆದಿರುತ್ತದೆ. ಜಾಸ್ತಿ ಹಾಕಿದರೂ ತಣ್ಣಗಾಗುವುದಿಲ್ಲ, ಕಂಪ್ರೆಸರಿಗೂ ಕೆಟ್ಟದ್ದು. ಗಾಳಿ ಬರುವ ಜಾಗದಲ್ಲಿ ಥರ್ಮಾಮೀಟರ್ ಇಟ್ಟಾಗ 7 ಡಿಗ್ರಿ ತೋರಿಸಿತು. ಗಾಡಿಯ ಕೆಳಗೆ ನೀರು ತೊಟ್ಟಿಕ್ಕಲು ಶುರುವಾಯಿತು. ಅದನ್ನು ನೋಡಿ ಆದ ಸಮಾಧಾನ ಅಷ್ಟಿಷ್ಟಲ್ಲ.

ಖರ್ಚು ಹೀಗಾಯಿತು. ಕಾಯಿಲ್ 4,200, ವಾಲ್ವ್ 900, ಡ್ರೈಯರ್ 650, ರಬ್ಬರ್ ರಿಂಗ್ ಮತ್ತು ಎಣ್ಣೆ 500, ಗ್ಯಾಸ್ 1,600, ಮಜೂರಿ 3,500. ಕ್ಯಾಬಿನ್ ಫಿಲ್ಟರ್ 350 ಸೇರಿ 11,700 ರೂಪಾಯಿ. ಮೊದಲ ಗ್ಯಾರೇಜಿನ 1,800 ಮತ್ತು ಹಾಸನದ ಓಡಾಟದ ಪೆಟ್ರೋಲ್ ಇದರ ಮೇಲೆ. ನಿಮ್ಮ ಗಾಡಿಗೆ ಬೇರೆ ಆಗಬಹುದು, ಆದರೆ ಯಾವುದಕ್ಕೆ ಎಷ್ಟು ಅಂತ ಬಿಡಿಸಿ ಬರೆದುಕೊಡಿ ಅಂತ ಕೇಳಲು ಇದು ಸಹಾಯವಾಗುತ್ತದೆ.

ಆಮೇಲೆ ಅಮ್ಮನನ್ನು ಕೂರಿಸಿಕೊಂಡು ಚಾರ್ಮಾಡಿ ಇಳಿದೆ. ಜೋರು ಮಳೆ, ಮಂಜು ಎರಡೂ ಇದ್ದವು. ಕಿಟಕಿ ಪೂರ್ತಿ ಮುಚ್ಚಿ, ಎಸಿ ಹಾಕಿ, ನಾಬ್ ಮಧ್ಯಕ್ಕಿಂತ ಸ್ವಲ್ಪ ಕೆಂಪಿನ ಕಡೆಗೆ, ಗಾಳಿ ಗಾಜಿಗೆ, ಹೊರಗಿನ ಗಾಳಿ ಒಳಗೆ ಬರುವ ಹಾಗೆ. ಒಳಗಿನ ಗಾಳಿಯನ್ನೇ ಸುತ್ತಿಸುವ ಬಟನ್ ಒತ್ತಿದ್ದರೆ ತೆಗೆಯಿರಿ. ಅದರಲ್ಲಿ ನಮ್ಮ ಉಸಿರಿನ ತೇವವೇ ಮತ್ತೆ ಮತ್ತೆ ಸುತ್ತುತ್ತದೆ. ಗಾಜು ಕೊನೆಯವರೆಗೂ ತಿಳಿಯಾಗಿತ್ತು. ಅಮ್ಮನಿಗೆ ಕೆಮ್ಮು ಬರಲಿಲ್ಲ, ಬಣಕಲ್‌ನಿಂದಲೇ ನಿದ್ದೆ ಮಾಡಿದರು. ಘಟ್ಟದ ಬುಡಕ್ಕೆ ಬಂದಾಗ ಮಾತ್ರ ಗಾಜಿನ ಹೊರಗೆ ಮಂಜು ಕೂತಿತು. ಕೆಳಗಿನ ಗಾಳಿ ಬೆಚ್ಚಗೆ, ತೇವ ಜಾಸ್ತಿ, ಗಾಜು ಇನ್ನೂ ತಣ್ಣಗಿರುತ್ತದೆ. ಒಳಗಿನಿಂದ ಎಷ್ಟು ಒರೆಸಿದರೂ ಅದು ಹೋಗದು. ವೈಪರ್ ಹಾಕಿ, ಗಾಳಿಯನ್ನು ಗಾಜಿನಿಂದ ಬೇರೆ ಕಡೆ ತಿರುಗಿಸಿ, ಸರಿಹೋಗುತ್ತದೆ. ವಾಪಸ್ ಬರುವಾಗ ಏರು ರಸ್ತೆಯಲ್ಲಿ ಸಣ್ಣ ಎಂಜಿನ್ ಎಳೆಯುವುದು ಕಷ್ಟ ಅನಿಸಿದರೆ, ಓವರ್‌ಟೇಕ್ ಮಾಡುವಾಗ ಎಸಿ ಸ್ವಲ್ಪ ಹೊತ್ತು ಆರಿಸಬಹುದು. ಕಂಪ್ರೆಸರ್ ಓಡುವುದು ಎಂಜಿನ್ ಶಕ್ತಿಯಿಂದಲೇ ಅಲ್ವಾ.

ಬೇಕಾ ಬೇಡವಾ ಅನ್ನುವ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆಯವರು ತಾನೇ ತಾಪ ನೋಡಿಕೊಳ್ಳುವ ಆಟೋಮ್ಯಾಟಿಕ್ ಎಸಿ, ಹಿಂದಿನ ಸೀಟಿಗೆ ಬೇರೆ ಎಸಿ ಅಂತ ಜಾಸ್ತಿ ದುಡ್ಡು ಕೊಡಬೇಕಾಗಿಲ್ಲ. ಆದರೆ ಕೆಲಸ ಮಾಡುವ ಒಂದು ಸಾಧಾರಣ ಎಸಿ ಇರಲೇಬೇಕು, ಬ್ರೇಕು, ವೈಪರ್ ಇರುವ ಹಾಗೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ದೊಡ್ಡ ಲಾರಿಗಳ ಕ್ಯಾಬಿನ್‌ಗೂ ಸರ್ಕಾರ ಎಸಿ ಕಡ್ಡಾಯ ಮಾಡಿದೆ. ಘಟ್ಟದಲ್ಲಿ ಎದುರಿಗೆ ಬರುವ ಲಾರಿಯವರ ಗಾಜೂ ತಿಳಿಯಾಗಿದ್ದರೆ ನಮಗೂ ಒಳ್ಳೆಯದೇ.

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋಗುವವರು ಚಳಿಗಾಲವಾದರೂ ಎಸಿ ಹಾಕಿ ನೋಡಿ. ಬಟನ್ ಒತ್ತಿದಾಗ ಹೆಚ್ಚಿನ ಗಾಡಿಗಳಲ್ಲಿ ಬಾನೆಟ್ ಕಡೆಯಿಂದ ಟಕ್ ಅಂತ ಕಂಪ್ರೆಸರಿನ ಕ್ಲಚ್ ಹಿಡಿಯುವ ಸದ್ದು ಬರುತ್ತದೆ, ಎಂಜಿನ್ ಸದ್ದು ಸ್ವಲ್ಪ ಬದಲಾಗುತ್ತದೆ. ಹತ್ತು ನಿಮಿಷ ಬಿಟ್ಟು ಎಸಿಯ ದಪ್ಪ ಪೈಪ್ ಮುಟ್ಟಿದರೆ ತಣ್ಣಗಿರಬೇಕು. ಮಳೆಗಾಲದಲ್ಲಾದರೆ ಕೆಳಗೆ ನೀರು ಇಳಿಯಬೇಕು. ಇಳಿಯದೆ ಒಳಗಿನ ಮ್ಯಾಟ್ ಒದ್ದೆಯಾಗಿದ್ದರೆ ಪೈಪ್ ಕಟ್ಟಿದೆ ಅಂತ ಅರ್ಥ. ಎಸಿ ಕೆಲಸ ಮಾಡದಿದ್ದರೆ "ಗ್ಯಾಸ್ ಅಷ್ಟೇ" ಅನ್ನುವ ಮಾತಿಗೆ ಒಪ್ಪದೆ, ಹನ್ನೆರಡು ಸಾವಿರವಾದರೂ ರೇಟಿನಲ್ಲಿ ಕಳೆಯಿರಿ.

ರಿಪೇರಿ ಆದ ಮೇಲೆ ಬಿಲ್ಲಿನಲ್ಲಿ ಎಷ್ಟು ಗ್ರಾಂ ಗ್ಯಾಸ್ ಹಾಕಿದರು, ಕಾಯಿಲ್ ಯಾವ ಕಂಪನಿಯದು, ವಾರಂಟಿ ಎಷ್ಟು ತಿಂಗಳು, ಮಜೂರಿಗೂ ವಾರಂಟಿ ಇದೆಯಾ ಅನ್ನುವುದನ್ನು ಬರೆಸಿಕೊಳ್ಳಿ. ಕಾಯಿಲ್ ಬದಲಿಸಿಕೊಟ್ಟರೂ ಡ್ಯಾಶ್‌ಬೋರ್ಡ್ ಇಳಿಸುವ ಮಜೂರಿ ಮತ್ತೆ ನಮ್ಮ ಮೇಲೆ ಬಿದ್ದರೆ ಹತ್ತಿರ ಹತ್ತಿರ ಮೂರನೇ ಒಂದು ಭಾಗದಷ್ಟು ಖರ್ಚು ಅಲ್ಲೇ ಆಗುತ್ತದೆ. ನನಗೆ ಎರಡಕ್ಕೂ ಆರು ತಿಂಗಳು ಬರೆದುಕೊಟ್ಟಿದ್ದಾರೆ. ಬಿಲ್ಲು ಥರ್ಮಲ್ ಪೇಪರಿನದಾದರೆ ಅಕ್ಷರ ಮಾಸಿಹೋಗುತ್ತದೆ, ಅವತ್ತೇ ಫೋಟೋ ತೆಗೆದಿಟ್ಟುಕೊಳ್ಳಿ.